ಕುಂಚಕ್ಕೆ ಎಂಜಲಿಲ್ಲ

ಆ ಸಲ ಸಂಕ್ರಾಂತಿಗೆ ಸ್ವೀಡನ್ನಿನ ಉಪ್ಸಾಲಾದ ಕನ್ನಡದವರೆಲ್ಲ ಸೇರಿ ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದೆವು. ಹೊರಗೆ ಹಿಮ, ಒಳಗೆ ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಎಳ್ಳು ಬೀರುವ ಸಂಭ್ರಮ. ನಾನೂ ತಟ್ಟೆ ಹಿಡಿದು ಹೊರಟೆ. ಮೊದಲನೆಯವರಿಗೆ ಎಳ್ಳಿನ ಪೊಟ್ಟಣ ಕೊಡಲು ಬಲಗೈ ಚಾಚಿದೆ. ತೋಳು ಮುಂದೆ ಬಂತು, ಮಣಿಕಟ್ಟು ಏಳಲಿಲ್ಲ. ಹಸ್ತ ಕೆಳಕ್ಕೆ ಜೋತುಬಿದ್ದಿತ್ತು. ಬೆರಳು ಮಡಚಲು ಬರುತ್ತಿತ್ತು, ಬಿಡಿಸಲು ಬರುತ್ತಿರಲಿಲ್ಲ. ಪೊಟ್ಟಣ ನೆಲಕ್ಕೆ ಬಿತ್ತು. ಇನ್ನೊಂದನ್ನು ಎಡಗೈಯಿಂದ ತೆಗೆದು ಕೊಟ್ಟೆ.

ತೆಗೆದುಕೊಳ್ಳಬೇಕಾಗಿದ್ದವರು ಯಾರದೋ ಅತ್ತೆ, ಮೂರು ತಿಂಗಳ ವೀಸಾದಲ್ಲಿ ಬಂದಿದ್ದವರು. ಹಬ್ಬದ ದಿನ ಎಡಗೈಲಿ ಕೊಡಬಾರದಮ್ಮ ಎಂದು ಮೆತ್ತಗೇ ಹೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಬಲಗೈ ರಜೆ ಹಾಕಿದೆ, ಬೇಕಾದರೆ ತೊಗೊಳ್ಳಿ, ಬೇಡವಾದರೆ ಬಿಡಿ ಎಂದುಬಿಟ್ಟೆ. ಪಾಪ, ಅವರು ತೆಗೆದುಕೊಂಡರು. ನಾನು ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು, ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿದು ನೋಡಿದೆ. ಬಿಟ್ಟರೆ ಬೀಳುತ್ತಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು.

ನಾನು ಚಿತ್ರ ಬರೆಯುವವಳು. ಬೇರೆ ಕೆಲಸ ಬರುವುದಿಲ್ಲ. ಆ ಕೈ ಏಳದಿದ್ದರೆ ನನ್ನದೇನೂ ಉಳಿಯುವುದಿಲ್ಲ ಎನ್ನುವುದು ಅಲ್ಲಿ ನಿಂತಾಗಲೇ ಸ್ಪಷ್ಟವಾಗಿತ್ತು.

ಈಗ ಇದನ್ನು ಬರೆಯುತ್ತಿರುವುದಕ್ಕೆ ಕಾರಣ ಹೇಳಿಬಿಡುತ್ತೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕೂತು, ನನ್ನಂಥ ಇನ್ನೊಬ್ಬರು ಜಗತ್ತಿನಲ್ಲಿ ಇರಲಾರರು ಎಂದುಕೊಂಡಿದ್ದೆ. ಇದ್ದರು. ಅವರನ್ನು ಚೆನ್ನಾಗಿ ಬಲ್ಲೆ ಕೂಡ. ಅದು ತಿಳಿಯಲು ಬಹಳ ತಡವಾಯಿತು.

ನಾನು ಕಲಿತದ್ದು ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರ. ಕಾಲೇಜು ಸೇರುವ ವಯಸ್ಸಿನಲ್ಲಿ ಅಗ್ರಹಾರದ ಒಂದು ವಠಾರದ ಮನೆಯಲ್ಲಿ ಮೇಷ್ಟ್ರ ಮುಂದೆ ಚಾಪೆ ಹಾಕಿಕೊಂಡು ಕೂತೆ. ಮೊದಲ ವರ್ಷ ಬರೀ ಗೆರೆ. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಲ್ಲಿ ಗೆರೆ ಎಳೆಯುವುದು, ಒರೆಸುವುದು. ಆಮೇಲೆ ಕುಂಚ. ಆಮೇಲೆ ಸಫೇದದ ಕೆಲಸ. ದೇವರ ಕಿರೀಟ, ಹಾರ, ಸಿಂಹಾಸನದ ಕುಸುರಿ ಇವೆಲ್ಲ ಚಿತ್ರದಲ್ಲಿ ಕೊಂಚ ಉಬ್ಬಿ ನಿಂತಿರುತ್ತವಲ್ಲ, ಅದರ ಮೇಲೆ ಚಿನ್ನದ ರೇಕು ಕೂರಿಸುತ್ತಾರಲ್ಲ, ಆ ಉಬ್ಬನ್ನು ಮಾಡುವುದು ಸಫೇದವೆಂಬ ಬಿಳಿಪುಡಿಯಿಂದ. ಅದನ್ನು ಅಂಟಿನ ಜೊತೆ ಗಂಟೆಗಟ್ಟಲೆ ಕಲ್ಲಿನಲ್ಲಿ ಅರೆಯಬೇಕು. ಅರೆಯುತ್ತಿದ್ದವರು ಮೇಷ್ಟ್ರ ಹೆಂಡತಿ ಪದ್ದಮ್ಮ. ನಾವು ಶಿಷ್ಯರೆಲ್ಲ ಅವರನ್ನು ಅಮ್ಮ ಎನ್ನುತ್ತಿದ್ದೆವು. ಅವರು ಅರೆದದ್ದು ಬೆಣ್ಣೆಯಂತಿರುತ್ತಿತ್ತು, ಕುಂಚದ ತುದಿಯಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಮಡಿ ಜಾಸ್ತಿ. ಚಿತ್ರದ ಹಲಗೆಯ ಹತ್ತಿರ ನೀರಿನ ಲೋಟ ಕೂಡ ತರುವಂತಿಲ್ಲ. ಬಾಯಿಗೆ ಕೈ ತಾಗಿದರೆ ಎದ್ದು ತೊಳೆದು ಬರಬೇಕು. ಎಂಜಲು ಎಂದರೆ ಅವರಿಗೆ ಬೆಂಕಿ ಮುಟ್ಟಿದಂತೆ. ಆದರೆ ಕುಂಚದ ತುದಿಯನ್ನು ಮಾತ್ರ ತುಟಿಯ ನಡುವೆ ಇಟ್ಟು ಎಳೆದೇ ಚೂಪು ಮಾಡಬೇಕು. ನೀರಿನಲ್ಲಿ ಅದ್ದಿ ಬಟ್ಟೆಗೆ ಒರೆಸಿದರೆ ಆ ಮೊನೆ ಬರುವುದಿಲ್ಲ. ಶುರುವಿನಲ್ಲಿ ನಾನು ಹಿಂಜರಿದೆ. ದೇವರ ಕಣ್ಣು ಬರೆಯುವ ಕುಂಚ, ಎಂಜಲಾಗುವುದಿಲ್ಲವೇ ಎಂದು ಕೇಳಿದೆ. ಮೇಷ್ಟ್ರು ತಲೆಯೆತ್ತದೆ, “ಕುಂಚಕ್ಕೆ ಎಂಜಲಿಲ್ಲ” ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಮುಂದೆ ಇಪ್ಪತ್ತು ಇಪ್ಪತ್ತೈದು ವರ್ಷ ನಾನು ಆ ಬಗ್ಗೆ ಯೋಚಿಸಿದ್ದೇ ಇಲ್ಲ. ಉಸಿರಾಡುವ ಬಗ್ಗೆ ಯಾರು ಯೋಚಿಸುತ್ತಾರೆ?

ಮದುವೆಯಾಗಿ ಸ್ವೀಡನ್ನಿಗೆ ಬಂದೆ. ಗಂಡ ಪ್ರಕಾಶ ಇಲ್ಲಿ ಔಷಧಿ ಕಂಪನಿಯೊಂದರಲ್ಲಿ ಸಂಶೋಧಕ. ಮಗಳು ಅದಿತಿ ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗತೊಡಗಿದ ಮೇಲೆ ಮತ್ತೆ ಹಲಗೆಯ ಮುಂದೆ ಕೂತೆ. ಇಲ್ಲಿಯ ಜನಕ್ಕೆ ನನ್ನ ಚಿತ್ರ ನೋಡಿ ಒಂದೇ ಪ್ರಶ್ನೆ. ಓರೆಬ್ರೂ ಎಂಬ ಊರಿನಲ್ಲಿ ಒಂದು ಗುಂಪು ಪ್ರದರ್ಶನವಿದ್ದಾಗ ಇಡೀ ದಿನ ಅದನ್ನೇ ಕೇಳಿದರು: ಇದರಲ್ಲಿ ನೀವು ಏನನ್ನು ಹೇಳಿಕೊಳ್ಳುತ್ತಿದ್ದೀರಿ? ಏನೂ ಇಲ್ಲ ಎನ್ನುತ್ತಿದ್ದೆ. ಅವರು ವಿನಯವೆಂದುಕೊಂಡು ನಗುತ್ತಿದ್ದರು. ವಿನಯವಲ್ಲ, ಅದು ನನ್ನ ಜಂಭ. ಮೇಷ್ಟ್ರ ಗೆರೆ ಅವರ ಗುರುವಿನದು, ನನ್ನ ಗೆರೆ ಮೇಷ್ಟ್ರದು. ಅದರಲ್ಲಿ ನಾನು ಒಂದು ಕೂದಲಿನಷ್ಟೂ ಕಾಣಿಸಬಾರದು. ಸುಧಾ ಎಂಬ ಹೆಂಗಸು, ಅವಳ ಸಿಟ್ಟು, ಅವಳ ಸಂಸಾರ ಇವು ಯಾವುದೂ ರಾಮನ ಹುಬ್ಬಿನಲ್ಲಿ ಇಣುಕಬಾರದು. ಒಂದೇ ಉಸಿರಿನಲ್ಲಿ, ನಡುಗದೆ ಎಳೆದ ಗೆರೆಯೇ ನನ್ನ ಇಡೀ ಕಲಾಸಿದ್ಧಾಂತವಾಗಿತ್ತು. ಅದಕ್ಕಿಂತ ದೊಡ್ಡದು ನನಗೆ ಬೇಕಾಗಿರಲಿಲ್ಲ.

ಆ ಸಂಕ್ರಾಂತಿಯ ಹಿಂದಿನ ವರ್ಷಗಳಲ್ಲಿ, 2010ರ ದಶಕದ ನಡುಭಾಗದಲ್ಲಿ, ರಾಮ ಪಟ್ಟಾಭಿಷೇಕದ ಒಂದು ದೊಡ್ಡ ಚಿತ್ರ ಕೈಗೆತ್ತಿಕೊಂಡಿದ್ದೆ. ಮಂಟಪ, ಛತ್ರ, ಇಪ್ಪತ್ತಕ್ಕೂ ಹೆಚ್ಚು ಆಕೃತಿಗಳು, ಒಬ್ಬೊಬ್ಬರಿಗೂ ಮೈತುಂಬ ಒಡವೆ. ಸಫೇದವನ್ನು ಪದ್ದಮ್ಮನೇ ಮೈಸೂರಿನಿಂದ ಅರೆದು, ಉಂಡೆ ಕಟ್ಟಿ, ಬರುವವರ ಕೈಲಿ ಕಳಿಸುತ್ತಿದ್ದರು. ಮೇಷ್ಟ್ರು ತೀರಿಕೊಂಡಿದ್ದರೂ ಅವರ ಹಳೆಯ ಪುಡಿ ಟ್ರಂಕಿನಲ್ಲಿ ಬೇಕಾದಷ್ಟಿತ್ತು. ಅಂಗಡಿಯಲ್ಲಿ ಈಗ ಸಿಗುವ ಬಿಳಿ ಹಗುರ, ಅದು ಉಬ್ಬಿ ನಿಲ್ಲುವುದಿಲ್ಲ. ನಮಗೆ ಆ ಹಳೆಯ, ಭಾರದ ಪುಡಿಯೇ ಆಗಬೇಕು. ಒಣಗಿದ ಮೇಲೆ ಅದನ್ನು ಹೆರೆದು ನಯ ಮಾಡುತ್ತಿದ್ದೆ. ಚಳಿಗಾಲದಲ್ಲಿ ಕಿಟಕಿ ತೆರೆಯುವ ಪ್ರಶ್ನೆಯೇ ಇಲ್ಲ. ಕೋಣೆಯಲ್ಲಿ ಬಿಳಿ ಧೂಳು, ತುಟಿಯಲ್ಲಿ ಕುಂಚ, ಎದುರಿಗೆ ರಾಮ. ಅಷ್ಟು ಸುಖವಾಗಿ ನಾನು ಯಾವತ್ತೂ ಇರಲಿಲ್ಲ.

ಕೈ ಬೀಳುವ ಮೊದಲೇ ಮೈ ಕೆಟ್ಟಿತ್ತು. ಹೊಟ್ಟೆ ಹಿಂಡುವ ನೋವು, ಬಿಟ್ಟೂ ಬಿಡದ ಮಲಬದ್ಧತೆ, ಮೆಟ್ಟಿಲು ಹತ್ತಿದರೆ ಏದುಸಿರು. ಬಾಯಲ್ಲಿ ಸದಾ ಹಳೇ ಚಮಚ ಚೀಪಿದ ರುಚಿ. ಸಿಡುಕು ಹೇಳತೀರದು. ಆಮೇಲೆ ಡಾಕ್ಟರು ಆ ಸಿಡುಕೂ ಕಾಯಿಲೆಯದೇ ಇರಬಹುದು ಎಂದಾಗ ನಾನು ಗೆದ್ದವಳಂತೆ ಪ್ರಕಾಶನ ಕಡೆ ನೋಡಿದೆ. ಅವನು ಮಾತ್ರ ಮದುವೆಯಾದಾಗಿನಿಂದ ಇದ್ದದ್ದನ್ನೆಲ್ಲ ಕಾಯಿಲೆಯ ತಲೆಗೆ ಕಟ್ಟಲು ಒಪ್ಪಲಿಲ್ಲ.

ನಮ್ಮ ಬಡಾವಣೆಯ ವೋರ್ಡ್‌ಸೆಂಟ್ರಾಲ್‌ನಲ್ಲಿ, ಅಂದರೆ ಇಲ್ಲಿನ ಆರೋಗ್ಯ ಕೇಂದ್ರದಲ್ಲಿ, ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ದಣಿವಾಗಿದೆ, ವಿಶ್ರಾಂತಿ ತೊಗೊಳ್ಳಿ ಎಂದಿದ್ದರು. ಈಗ ಕೈ ಬಿದ್ದ ಮೇಲೆ ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಕಳಿಸಿದರು. ಅಲ್ಲಿ ಕಾಯುವ ಕೋಣೆಯಲ್ಲಿ ಒಬ್ಬರೂ ಮಾತಾಡುವುದಿಲ್ಲ. ಎರಡು ಕುರ್ಚಿ ಬಿಟ್ಟು ಒಬ್ಬರು ಕೂರುತ್ತಾರೆ. ಕಾಫಿ ಯಂತ್ರ ಸದ್ದು ಮಾಡಿದರೆ ಎಲ್ಲರೂ ಆ ಕಡೆ ನೋಡಿ ಮತ್ತೆ ನೆಲ ನೋಡುತ್ತಾರೆ. ಮೈಸೂರಿನ ಆಸ್ಪತ್ರೆಯಲ್ಲಾಗಿದ್ದರೆ ಪಕ್ಕದವರು ಏನಮ್ಮ ನಿನಗೆ ಎಂದು ಕೇಳಿ, ತಮ್ಮದನ್ನೂ ಹೇಳಿ, ಯಾವ ಡಾಕ್ಟರು ಸರಿಯಿಲ್ಲ ಎಂದೂ ಹೇಳಿರುತ್ತಿದ್ದರು. ಆ ಪ್ರಶ್ನೆಗಳಿಗೆ ನಾನು ಎಷ್ಟು ಮೂಗು ಮುರಿದವಳು! ಇಲ್ಲಿ ಯಾರಾದರೂ ಒಬ್ಬರು ಕೇಳಲಿ ಎಂದು ಬಾಯಿಬಿಟ್ಟು ಕಾಯುತ್ತಿದ್ದೆ.

ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚಿ, ನರಕ್ಕೆ ಕರೆಂಟು ಕೊಟ್ಟು ನೋಡಿದರು. ಒಳ್ಳೆಯದು ಏನೂ ಹೇಳಲಿಲ್ಲ. ಕೈ ಕಾಲು ಒಂದೊಂದಾಗಿ ಸೋತು, ಕೊನೆಗೆ ಉಸಿರೂ ಸೋಲುವ ಒಂದು ಕಾಯಿಲೆಯಿದೆಯಲ್ಲ, ಅದು ಅಲ್ಲವೆಂದು ಖಚಿತ ಮಾಡಿಕೊಳ್ಳಬೇಕು ಎಂದರು. ಅದನ್ನು ಹೇಳಿದ ಡಾಕ್ಟರು ತುಂಬ ಸೌಮ್ಯ ಮನುಷ್ಯ. ಸೌಮ್ಯವಾಗಿ ಹೇಳಿದ್ದರಿಂದಲೇ ನಾನು ಹೆದರಿದೆ.

ಅವರೇ ಕೇಳಿದ್ದರು, ಬಣ್ಣಗಳ ಜೊತೆ ಕೆಲಸ ಮಾಡುತ್ತೀರಲ್ಲ, ಕೆಲಸದ ಜಾಗದಲ್ಲಿ ತಿನ್ನುವುದು ಕುಡಿಯುವುದು ಇದೆಯೇ ಎಂದು. ನನಗೆ ಕೊಂಚ ಅವಮಾನವೇ ಆಯಿತು. ಚಿತ್ರದ ಹತ್ತಿರ ನಾವು ನೀರಿನ ಲೋಟ ಕೂಡ ಇಡುವುದಿಲ್ಲ, ಸ್ನಾನ ಮಾಡದೆ ಕೂರುವುದಿಲ್ಲ, ಬಾಯಿಗೆ ಕೈ ಹೋದರೆ ತೊಳೆಯುತ್ತೇವೆ ಎಂದೆಲ್ಲ ನನ್ನ ಹರಕು ಸ್ವೀಡಿಷಿನಲ್ಲಿ ವಿವರಿಸಿದೆ. ಬಣ್ಣ ಬಾಯಿಗೆ ಹೋಗುವ ಸಾಧ್ಯತೆಯೇ ಇಲ್ಲವೇ ಎಂದು ಇನ್ನೊಮ್ಮೆ ಕೇಳಿದರು. ಇಲ್ಲವೇ ಇಲ್ಲ ಎಂದೆ. ನಾನು ಸುಳ್ಳು ಹೇಳಲಿಲ್ಲ. ಬಾಯಿ, ಊಟ, ಎಂಜಲು ಒಂದು ಕಡೆ. ಕುಂಚ ಇನ್ನೊಂದು ಕಡೆ. ನನ್ನ ತಲೆಯಲ್ಲಿ ಅವೆರಡರ ನಡುವೆ ಬಾಗಿಲೇ ಇರಲಿಲ್ಲ. ಪ್ರಕಾಶ ಪಕ್ಕದಲ್ಲೇ ಕೂತಿದ್ದ. ಹದಿನೆಂಟು ವರ್ಷದಿಂದ ನಾನು ಕುಂಚ ಚೀಪುವುದನ್ನು ನೋಡಿದವನು. ಅವನೂ ತಲೆಯಾಡಿಸಿದ.

ಆಮೇಲಿನ ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಪ್ರಕಾಶ ಲ್ಯಾಪ್‌ಟಾಪಿನಲ್ಲಿ ಆ ಕಾಯಿಲೆಯ ಬಗ್ಗೆ ಓದುತ್ತಿದ್ದ, ನಾನು ಬಂದರೆ ಮುಚ್ಚುತ್ತಿದ್ದ. ಅದಿತಿಗೆ ಆಗ ಹದಿನಾರು. ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡುವ ಹುಡುಗಿ, ಒಂದು ದಿನ ನನ್ನ ಹಿಂದೆ ಕೂತು ಜಡೆ ಹಾಕಿದಳು. ನನ್ನ ಕೈಲಿ ಆಗುತ್ತಿರಲಿಲ್ಲ ಎನ್ನುವುದು ಅವಳಿಗೆ ತಿಳಿದಿದೆ ಎಂದೇ ನನಗೆ ಗೊತ್ತಿರಲಿಲ್ಲ. ಪರಿಚಯದವರು ಬರುತ್ತಿದ್ದರು, ಸಾರು ಪಲ್ಯ ತಂದುಕೊಡುತ್ತಿದ್ದರು. ಒಬ್ಬರು ದೃಷ್ಟಿಯಾಗಿದೆ ಎಂದರು. ಇನ್ನೊಬ್ಬರು ಸಮಾಧಾನ ಮಾಡಲು, “ಪುಣ್ಯಕ್ಕೆ ಪೇಂಟಿಂಗ್ ನಿಮ್ಗೆ ಹಾಬಿ ಅಲ್ವಾ, ಜಾಬ್ ಆಗಿದ್ರೆ ಕಷ್ಟ ಆಗ್ತಿತ್ತು” ಎಂದರು. ಅವರ ಸಾರು ಚೆನ್ನಾಗಿತ್ತು, ಆದ್ದರಿಂದ ಸುಮ್ಮನಿದ್ದೆ.

ಬೀಳುವ ಕೈಗೆ ಆಧಾರವಾಗಿ ಒಂದು ಪ್ಲಾಸ್ಟಿಕ್ ಪಟ್ಟಿ ಮಾಡಿಕೊಡಲು ಆಸ್ಪತ್ರೆಯಲ್ಲಿ ಕರಿನ್ ಎಂಬ ಹೆಂಗಸಿನ ಹತ್ತಿರ ಕಳಿಸಿದರು. ಕೈಯ ಶಕ್ತಿ ಕಳೆದುಕೊಂಡವರಿಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು ಅವಳ ಕೆಲಸ. ನಿಮಗೆ ಯಾವುದು ಮುಖ್ಯ, ಅಡಿಗೆಯೇ, ಸೈಕಲ್ಲೇ ಎಂದು ಕೇಳಿದಳು. ಗೆರೆ ಎಂದೆ. ಹಾಗಾದರೆ ಮುಂದಿನ ಸಲ ನಿಮ್ಮ ಸಾಮಾನು ತನ್ನಿ, ಪಟ್ಟಿ ಕಟ್ಟಿಕೊಂಡು ಎಳೆಯಬಹುದೋ, ಎಡಗೈಯಲ್ಲಿ ಆಗುವುದೋ ನೋಡೋಣ ಎಂದಳು. ಆಸ್ಪತ್ರೆಯಲ್ಲಿ ನನ್ನನ್ನು ಚಿತ್ರ ಬರೆಯುವವಳು ಎಂದು ನೋಡಿದವರಲ್ಲಿ ಮೊದಲನೆಯವಳು ಅವಳೇ.

ಅಳಿಲಿನ ಕೂದಲಿನ ಕುಂಚ, ಒಂದಿಷ್ಟು ಸಫೇದ, ಒಂದು ಸಣ್ಣ ಹಲಗೆ ತೆಗೆದುಕೊಂಡು ಹೋದೆ. ಬಲಗೈಗೆ ಪಟ್ಟಿ ಕಟ್ಟಿದಳು. ಬೆರಳು ಕುಂಚ ಹಿಡಿಯಲಿಲ್ಲ. ಎಡಗೈಯಲ್ಲಿ ಹಿಡಿದೆ. ಎಡಗೈಗೆ ಗೆರೆ ಗೊತ್ತಿರಲಿಲ್ಲ, ಆದರೆ ಕುಂಚ ಕೈಗೆ ಬಂದರೆ ಏನು ಮಾಡಬೇಕೆಂದು ನನ್ನ ಬಾಯಿಗೆ ಗೊತ್ತಿತ್ತು. ಅದ್ದಿದೆ, ತುಟಿಯಲ್ಲಿಟ್ಟೆ, ಎಳೆದೆ.

ಕರಿನ್ ನನ್ನನ್ನೇ ನೋಡುತ್ತಿದ್ದಳು.

“ಹಾಗೆ ಯಾವಾಗಲೂ ಮಾಡ್ತೀರಾ?” ಎಂದಳು.

“ಹೇಗೆ?” ಎಂದೆ. ನಿಜವಾಗಲೂ ಅವಳು ಏನು ಕೇಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ.

“ಕುಂಚ ಬಾಯಿಗೆ ಹಾಕ್ಕೊಳ್ಳೋದು.”

ನಾನು ಬಾಯಿ ತೆರೆದು ಅದು ಹಾಗಲ್ಲ ಎಂದು ಹೇಳಹೊರಟೆ. ತುಟಿಯ ಮೇಲೆ ಬಿಳಿ ತಗುಲಿತ್ತು. ಅದನ್ನು ನನ್ನ ಜೀವನದಲ್ಲಿ ಮೊದಲ ಸಲ ಗಮನಿಸಿದೆ. ಕರಿನ್ ಬೈಯಲಿಲ್ಲ, ಹುಬ್ಬೇರಿಸಲಿಲ್ಲ. ಒಂದು ಕಾಗದದ ಟವೆಲ್ ಒದ್ದೆ ಮಾಡಿ ತಂದು ಕೊಟ್ಟಳು, ಈ ಬಿಳಿಯನ್ನು ಎಲ್ಲಿ, ಯಾರು, ಯಾವುದರಿಂದ ಮಾಡುತ್ತಾರೆ ಎಂದು ಕೇಳಿದಳು, ಉಳಿದದ್ದನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಿದಳು. ಆಮೇಲೆ ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದಳು.

ಅವತ್ತೇ ರಕ್ತ ತೆಗೆದರು. ಫಲಿತಾಂಶ ಬಂದಾಗ ಕೆಲಸದಿಂದ ಬರುವ ಕಾಯಿಲೆಗಳನ್ನು ನೋಡುವ ವಿಭಾಗದ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಮೈಯಲ್ಲಿ ಸೀಸ ತುಂಬಿದೆ. ಆ ಭಾರದ ಪುಡಿ ಸೀಸದ್ದೇ. ಇಷ್ಟು ವರ್ಷ ನಾನು ಅದನ್ನು ಚೂರುಚೂರೇ ತಿಂದಿದ್ದೇನೆ, ಉಸಿರಾಡಿದ್ದೇನೆ. ಕೈಯ ನರ ಸೋತದ್ದು ಅದರಿಂದ. ಆ ಭಯಂಕರ ಕಾಯಿಲೆಯಲ್ಲ.

ನನಗೆ ನಗು ಬಂದುಬಿಟ್ಟಿತು. ಸಾಯುವುದಿಲ್ಲ ಎನ್ನುವ ನಗು. ಪಕ್ಕಕ್ಕೆ ನೋಡಿದರೆ ಪ್ರಕಾಶ ಅಳುತ್ತಿದ್ದ. ಅವನ ಉದ್ಯೋಗವೇ ಇಲಿಗಳ ಹೊಟ್ಟೆಗೆ ಏನು ಹೋದರೆ ಏನಾಗುತ್ತದೆ ಎಂದು ನೋಡುವುದು. “ಅಷ್ಟು ಇಲಿಗಳ ಹೊಟ್ಟೆಗೆ ಏನು ಹೋಯ್ತು ಅಂತ ಕೇಳಿದ್ದೀನಿ ಸುಧಾ, ನಿನ್ನೊಬ್ಬಳದ್ದು ಕೇಳ್ಲಿಲ್ಲ” ಎಂದ. ಡಾಕ್ಟರಮ್ಮನಿಗೆ ಕನ್ನಡ ಬರದಿದ್ದರೂ ಟಿಶ್ಯೂ ಡಬ್ಬಿ ಅವನ ಕಡೆ ಸರಿಸಿದರು.

ಕೈ ಮರಳುತ್ತದೆಯೇ ಎಂದು ಕೇಳಿದೆ. ಬಹುಶಃ ಎಂದರು. ಎಷ್ಟು ಎಂದು ಹೇಳಲಾಗದು, ತಿಂಗಳುಗಳು ಹಿಡಿಯುತ್ತವೆ, ಇನ್ನು ಒಂದು ಚೂರೂ ಸೀಸ ಒಳಗೆ ಹೋಗಬಾರದು. ಬಣ್ಣದ ಕೋಣೆ ಮುಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಸಫೇದವನ್ನು ವಿಷದ ಕಸಕ್ಕೆ ಕೊಡಬೇಕು, ಮನೆಯವರೂ ರಕ್ತ ಪರೀಕ್ಷೆ ಮಾಡಿಸಬೇಕು. ಅದಿತಿಯ ರಕ್ತದ ಫಲಿತಾಂಶ ಬರುವವರೆಗೆ ನನ್ನ ಕೈಯ ನೆನಪೇ ಆಗಲಿಲ್ಲ. ಅವಳಿಗೂ ಪ್ರಕಾಶನಿಗೂ ಹೆದರುವಂಥದ್ದು ಏನೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಕೂರುವ ನನ್ನ ಕೆಟ್ಟ ಅಭ್ಯಾಸ ಅವರನ್ನು ಕಾಪಾಡಿತ್ತು.

ಮಾತಾಡುತ್ತ ಡಾಕ್ಟರಮ್ಮ ಇನ್ನೊಂದು ಕೇಳಿದ್ದರು. ಗರ್ಭಪಾತ ಏನಾದರೂ ಆಗಿದೆಯೇ? ಒಂದು ಸಲ, ಅದಿತಿ ಹುಟ್ಟಿ ಕೆಲವು ವರ್ಷಕ್ಕೆ ಎಂದೆ. ಹಿಮದಲ್ಲಿ ಬಸ್ಸಿಗೆ ಓಡಿದ್ದರಿಂದ ಎಂದು ನಾವು ಅಂದುಕೊಂಡಿದ್ದೆವು. ಅವರು ತಲೆಯಾಡಿಸಿದರು. ಒಂದರ ಬಗ್ಗೆ ಖಚಿತವಾಗಿ ಹೇಳಲಾಗದು, ಆದರೆ ಸೀಸ ಮೈಯಲ್ಲಿರುವ ಹೆಂಗಸರಲ್ಲಿ ಗರ್ಭ ನಿಲ್ಲದಿರುವುದು ಹಳೆಯ ಕಾಲದಿಂದ ಗೊತ್ತಿರುವ ಸಂಗತಿ ಎಂದರು.

ಮನೆಗೆ ಹೋಗುವ ಬಸ್ಸಿನಲ್ಲಿ ಕೂತ ಮೇಲೆ ಅದು ತಲೆಗೆ ಹೊಕ್ಕಿತು. ಪದ್ದಮ್ಮ.

ಮದುವೆಯಾಗಿ ಬಂದ ವಾರದಿಂದ ಕಲ್ಲಿನ ಮುಂದೆ ಕೂತವರು ಅವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೂ ಬೆಳ್ಳಗಾಗಿ, ಐವತ್ತು ವರ್ಷದ ಮೇಲೆ ಅರೆದವರು. ಅವರ ಬಸಿರು ಒಂದೂ ನಿಲ್ಲಲಿಲ್ಲ. ಇದು ವಠಾರಕ್ಕೆಲ್ಲ ಗೊತ್ತಿತ್ತು. ಅವರ ಅತ್ತೆ ಬಾಯಿಬಿಟ್ಟೇ ಹೇಳುತ್ತಿದ್ದರಂತೆ, ನಿನ್ನ ಹೊಟ್ಟೆ ಸರಿಯಿಲ್ಲ, ನಮ್ಮ ವಂಶ ನಿನ್ನಿಂದ ನಿಂತಿತು ಎಂದು. ಓರಗಿತ್ತಿಯರ ಸೀಮಂತದ ದಿನ ಇವರಿಗೆ ಅಡಿಗೆಮನೆಯಿಂದ ಹೊರಗೆ ಬರಬೇಡ ಎನ್ನುತ್ತಿದ್ದರಂತೆ. ಅವರು ಮಾಡದ ವ್ರತವಿಲ್ಲ, ಸುತ್ತದ ಅರಳಿಮರವಿಲ್ಲ. ಸುತ್ತಿ ಬಂದು ಮತ್ತೆ ಕಲ್ಲಿನ ಮುಂದೆ ಕೂರುತ್ತಿದ್ದರು. ಮೇಷ್ಟ್ರಿಗೂ ಕೊನೆಗಾಲದಲ್ಲಿ ಬಲಗೈ ಜೋತುಬಿದ್ದಿತ್ತು. ವಾಯು ಎಂದು ಎಣ್ಣೆ ಹಚ್ಚುತ್ತಿದ್ದೆವು. ನಾನೂ ಹಚ್ಚಿದ್ದೇನೆ.

ಚಿಕಿತ್ಸೆ ಶುರುವಾಯಿತು. ಸೀಸವನ್ನು ಹಿಡಿದು ಹೊರಗೆ ಹಾಕುವ ಮಾತ್ರೆಗಳು, ಕೊಳೆತ ಮೊಟ್ಟೆಯ ವಾಸನೆ. ಈರುಳ್ಳಿಗೂ ಹಬ್ಬದ ದಿನ ಅವಕಾಶವಿಲ್ಲದ ಮನೆಯಲ್ಲಿ ಹುಟ್ಟಿದವಳು ಮೂಗು ಹಿಡಿದುಕೊಂಡು ನುಂಗಿದೆ. ಕರಿನ್ ಹತ್ತಿರ ವ್ಯಾಯಾಮ. ಮೇಜಿನ ಮೇಲೆ ಕೈ ಇಟ್ಟು ಹಸ್ತ ಎತ್ತು ಎನ್ನುವಳು. ಎತ್ತುತ್ತಿದ್ದೇನೆ ಎಂದು ನಾನು, ಕೈ ಮಾತ್ರ ಅಲ್ಲೇ. ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ನಡುಬೆರಳು ಕಾಣುವಷ್ಟು ಎದ್ದಿತು. ನಾನೂ ಕರಿನ್ನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಫೀಕಾಗೆ, ಅಂದರೆ ಇಲ್ಲಿನವರ ಕಾಫಿ ಬಿಡುವಿಗೆ, ಇಟ್ಟುಕೊಂಡಿದ್ದ ದಾಲ್ಚಿನ್ನಿ ಬನ್ನನ್ನು ಅರ್ಧ ಮಾಡಿ ನನಗೆ ಕೊಟ್ಟಳು.

ಕೈ ಈಗ ಏಳುತ್ತದೆ. ಲೋಟ ಹಿಡಿಯುತ್ತದೆ, ಜಡೆ ಹಾಕುತ್ತದೆ, ಚಪಾತಿ ಲಟ್ಟಿಸುತ್ತದೆ. ಗೆರೆ ಮಾತ್ರ ಹಳೆಯ ಗೆರೆಯಲ್ಲ. ಒಂದೇ ಉಸಿರಿನಲ್ಲಿ ಎಳೆಯಲು ಹೋದರೆ ನಡುವೆ ಒಂದು ಕಡೆ ಕೈ ಹಿಡಿತ ತಪ್ಪಿ ಸಣ್ಣಗೆ ನಡುಗುತ್ತದೆ. ಬಟ್ಟೆಗೆ ಒರೆಸಿದ ಕುಂಚದ ಮೊನೆಯೂ ಹಾಗೇ, ಬಿರಿಯುತ್ತದೆ. ಮೇಷ್ಟ್ರು ನೋಡಿದ್ದರೆ ಒರೆಸು ಎನ್ನುತ್ತಿದ್ದರು. ಅದಿತಿ ನೋಡಿ, ಮಮ್ಮಾ ಇದು ನೀನು ಎಳೆದ ಗೆರೆ ಅಂತ ಈಗ ಗೊತ್ತಾಗುತ್ತೆ, ಮೊದಲು ಪ್ರಿಂಟ್ ಥರ ಇರ್ತಿತ್ತು ಎಂದಳು. ಹೊಗಳಿಕೆಯೆಂದೇ ಹೇಳಿದಳು. ನಾನು ಎದ್ದು ಹೋಗಿ ಸ್ನಾನದ ಮನೆಯಲ್ಲಿ ಅತ್ತೆ. ನಾನು ಕಾಣಿಸಬಾರದು ಎಂದು ಇಡೀ ಜೀವನ ಸವೆಸಿ ಕಲಿತದ್ದು ಹೋಯಿತು. ಈಗ ಎಲ್ಲ ಗೆರೆಯಲ್ಲೂ ನಾನು ಕಾಣುತ್ತೇನೆ, ಅದೂ ನನ್ನ ಕಾಯಿಲೆಯಾಗಿ. ಅದನ್ನು ಕಲೆ ಎಂದು ಒಪ್ಪಿಕೊಳ್ಳಲು ನನಗೆ ಇನ್ನೂ ಆಗಿಲ್ಲ. ಆದರೆ ಬರೆಯದೆ ಇರಲೂ ಆಗಿಲ್ಲ. ಪಟ್ಟಾಭಿಷೇಕ ಗೋಡೆಯ ಕಡೆ ಮುಖ ಮಾಡಿ ನಿಂತಿದೆ. ಕಾಗದದ ಮೇಲೆ ನೀರುಬಣ್ಣದಲ್ಲಿ, ಒಡವೆಯಿಲ್ಲದ ಸಣ್ಣ ಚಿತ್ರಗಳನ್ನು ಬರೆಯುತ್ತೇನೆ. ಕೈ ಬಾಯಿಯ ಕಡೆ ಹೊರಟಾಗೆಲ್ಲ ನಿಲ್ಲಿಸುತ್ತೇನೆ. ಇವತ್ತಿಗೂ ಹೊರಡುತ್ತದೆ.

ಈ ನಡುವೆ ಪದ್ದಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ಕೈ ನೋವು, ಡಾಕ್ಟರು ನೋಡುತ್ತಿದ್ದಾರೆ ಎಂದಷ್ಟೇ ಹೇಳಿದ್ದೆ. ಅವರು ಭಾನುವಾರಕ್ಕೊಮ್ಮೆ ಫೋನಿನಲ್ಲಿ ಸಿಗುತ್ತಿದ್ದರು, ಎಣ್ಣೆ ಯಾವುದು ಹಚ್ಚಬೇಕೆಂದು ಹೇಳುತ್ತಿದ್ದರು. ಅವರಿಗೆ ಎಂಬತ್ತರ ಮೇಲೆ. ಒಂದು ವಾರ ಅವರು ಖುಷಿಯಾಗಿ, ನಿನ್ನ ಕೈ ಸರಿಹೋಗ್ತಿದೆಯಲ್ಲ, ಟ್ರಂಕಿನ ತಳದಲ್ಲಿ ಇನ್ನೊಂದು ಚೀಲ ಸಿಕ್ಕಿತು, ಇವತ್ತಿನಿಂದ ಅರೆಯೋಕೆ ಕೂತಿದ್ದೀನಿ, ಪಕ್ಕದ ಬೀದಿ ಹುಡುಗಿ ಅಲ್ಲಿಗೇ ಓದೋಕೆ ಬರ್ತಾಳಂತೆ, ಅವಳ ಕೈಲಿ ಕಳಿಸ್ತೀನಿ ಎಂದರು. ನಾನು ಏನೋ ಹೇಳಿ ಫೋನ್ ಇಟ್ಟೆ.

ಮನೆಯಲ್ಲಿ ವಾದವಾಯಿತು. ಬಣ್ಣ ಬೇಡ ಅಂತಷ್ಟೇ ಹೇಳು, ಈ ವಯಸ್ಸಲ್ಲಿ ಅವರಿಗೆ ಮಿಕ್ಕಿದ್ದೆಲ್ಲ ಯಾಕೆ ಎಂದು ಪ್ರಕಾಶ. ತಿಳಿದರೆ ಮೇಷ್ಟ್ರ ನೆನಪೇ ಕಹಿಯಾಗುತ್ತದೆ ಎನ್ನುವುದು ಅವನ ಭಯ, ನನ್ನದೂ ಅದೇ. ಅದಿತಿ ಸ್ವೀಡಿಷಿನಲ್ಲಿ, ಅದು ಅವರ ಮೈ, ಅವರಿಗೆ ಹೇಳದೆ ಇಟ್ಟುಕೊಳ್ಳೋಕೆ ನೀವು ಯಾರು ಎಂದಳು. ಬರೀ ಬಣ್ಣ ಬೇಡವೆಂದರೆ ಪದ್ದಮ್ಮ ಬಿಡುವವರಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕೈ ಯಾಕೆ ಬಿತ್ತೆಂದು ಹೇಳಬೇಕು. ಅದನ್ನು ಹೇಳಿದರೆ ಉಳಿದದ್ದನ್ನು ಅವರೇ ಕೇಳುತ್ತಾರೆ.

ಮಾರನೆಯ ದಿನ ಬೆಳಿಗ್ಗೆ ನಾನೇ ಫೋನ್ ಮಾಡಿದೆ. ಅರೆಯುತ್ತಿದ್ದರಂತೆ. ಕೈ ತೊಳೆದುಕೊಂಡು ಬನ್ನಿ ಎಂದೆ. ಬಂದರು. ಎಲ್ಲ ಹೇಳಿದೆ, ನಿಲ್ಲಿಸದೆ. ಪುಡಿಯಲ್ಲಿ ಸೀಸವಿದೆ, ನನ್ನ ಕೈ ಬಿದ್ದದ್ದು ಅದರಿಂದಲೇ, ಇನ್ನು ಕಲ್ಲು ಮುಟ್ಟಬೇಡಿ ಎಂದೆ.

ಆ ಕಡೆ ಕುರ್ಚಿ ಎಳೆದು ಕೂತ ಸದ್ದಾಯಿತು.

“ಇವರ ಕೈಯೂ ಅದಕ್ಕೇನಾ?”

“ಇರಬಹುದು ಅಮ್ಮ.”

“ಬರೆಯೋರಿಗೆ ಮಾತ್ರಾನಾ? ಅರೆಯೋರಿಗೆ?”

“ಅರೆಯೋರಿಗೂ.”

ಆಮೇಲೆ, ಹುಡುಗಿಯೊಬ್ಬಳು ದೊಡ್ಡವರನ್ನು ಕೇಳಲು ನಾಚಿಕೊಳ್ಳುವ ದನಿಯಲ್ಲಿ ಕೇಳಿದರು. “ಬಸುರಿಯಾಗಿದ್ದಾಗ ಅರೆದ್ರೆ?”

ಪ್ರಕಾಶ ಎದುರಿಗೆ ನಿಂತಿದ್ದ, ಬೇಡ ಎಂದು ಕಣ್ಣಲ್ಲೇ ಹೇಳಿದ. ನಾನು ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ನಿಮ್ಮದು ಅದರಿಂದಲೇ ಎಂದು ಯಾರೂ ಈಗ ಆಣೆಯಿಟ್ಟು ಹೇಳಲಾರರು, ಆದರೆ ಹಾಗಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿದೆ ಎಂದೆ. ನನ್ನದೂ ಒಂದು ಹೋಗಿತ್ತು ಎಂದೆ. ಅದನ್ನು ನಾನು ಅವರಿಗೆ ಯಾವತ್ತೂ ಹೇಳಿರಲಿಲ್ಲ.

“ಹಾಗಾದ್ರೆ ನನ್ನ ಹೊಟ್ಟೆ ಸರಿಯಾಗೇ ಇತ್ತು” ಎಂದರು.

“ಹೂಂ ಅಮ್ಮ.”

“ಇನ್ನೊಂದ್ಸಲ ಹೇಳು.”

ಹೇಳಿದೆ. ನಿಮ್ಮ ಹೊಟ್ಟೆ ಸರಿಯಾಗೇ ಇತ್ತು ಅಮ್ಮ ಎಂದು ನಿಧಾನವಾಗಿ ಹೇಳಿದೆ. ಅವರು ಅಳಲಿಲ್ಲ. ಅತ್ತೆಯ ಹೆಸರು ಹೇಳಿದರು. ಓರಗಿತ್ತಿಯರ ಹೆಸರು ಒಂದೊಂದಾಗಿ ಹೇಳಿದರು, ನಾದಿನಿಯದು, ಎದುರುಮನೆಯಾಕೆಯದು. ಒಂದೊಂದು ಹೆಸರಾದ ಮೇಲೂ ಸ್ವಲ್ಪ ನಿಲ್ಲುತ್ತಿದ್ದರು.

“ಅಂದವರನ್ನ ಕೂರಿಸಿಕೊಂಡು ಹೇಳೋಣ ಅಂದ್ರೆ, ಒಬ್ಬರೂ ಉಳಿದಿಲ್ಲ ಕಣೇ ಸುಧಾ” ಎಂದರು.